ನಾಲ್ಕನೇ ಸೀಟು

ಡೊಂಬಿವಲಿ ಸ್ಟೇಷನ್ನಿನ ಇಂಡಿಕೇಟರಿಗೂ ಹದಿನೇಳು ವರ್ಷದ ನನ್ನ ಮಗನಿಗೂ ಬಹಳ ಹೋಲಿಕೆ ಇದೆ. ಎರಡನ್ನೂ ಕತ್ತು ಎತ್ತಿ ನೋಡಬೇಕು. ಎರಡೂ ಹೇಳುವುದನ್ನು ಒಂದೆರಡು ಅಕ್ಷರದಲ್ಲಿ ಮುಗಿಸುತ್ತವೆ. ಹೇಳಿದ್ದು ಆಗಿಯೇ ಆಗುತ್ತದೆ ಎಂಬ ಭರವಸೆಯನ್ನು ಎರಡರ ಮೇಲೂ ಇಡುವಂತಿಲ್ಲ.

"ಊಟ ಆಯ್ತಾ?"

"ಹೂಂ."

"ಓದಿದ್ಯಾ?"

"ಹೂಂ."

"ನಾಳೆ ಟೆಸ್ಟ್ ಅಲ್ವೇನೋ?"

"ಪಪ್ಪಾ, ಸೋಡ್ ನಾ!"

ಆ ವಾರದಲ್ಲಿ ಅವನು ನನ್ನೊಡನೆ ಆಡಿದ ಅತಿ ದೀರ್ಘ ಭಾಷಣ ಈ ಕೊನೆಯದು.

ಇಂಥವನು ದಿನಾ ಬೆಳಿಗ್ಗೆ ಡೊಂಬಿವಲಿಯಿಂದ ಠಾಣೆಯವರೆಗೆ ಒಬ್ಬರ ಪಕ್ಕ ಕೂತು ಬಾಯಿ ಮುಚ್ಚದೆ ಮಾತಾಡುತ್ತಾನಂತೆ ಎಂಬ ಸುದ್ದಿಯನ್ನು ಎದುರು ಮನೆಯ ಮರಾಠಿ ಕಾಕು ತಂದರು. ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಹದಿನೇಳರ ಹುಡುಗನ ಬಗ್ಗೆ ಇಂಥ ಸುದ್ದಿ ಬಂದರೆ ಹೆತ್ತವರ ಬಾಯಿಗೆ ಬರುವ ಪ್ರಶ್ನೆ ಒಂದೇ: "ಯಾರ ಮನೆಯ ಹುಡುಗಿ?" ಹೆಂಡತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ "ಯಾವ ಊರಿನವರು?" ಎಂದೂ ಕೇಳಿದಳು. ಕಾಕು ನಗುತ್ತ ವಿವರ ಕೊಟ್ಟರು. ವಯಸ್ಸು ಎಪ್ಪತ್ತೆಂಟು. ಮೇಲಿನ ಸಾಲಿನ ಹಲ್ಲು ಕಟ್ಟಿಸಿದ್ದು. ಊರು ಕುಂದಾಪುರದ ಕಡೆ. ವಾಸ ನಮ್ಮದೇ ಬಿಲ್ಡಿಂಗಿನ ಎರಡನೇ ಮಾಳಿಗೆ.

ಬಿಲ್ಡಿಂಗಿನ ಮರಾಠಿಯವರಿಗೆ ಅವರು ಅಣ್ಣಾ. ನನಗೆ ಮಾಮ. ನನ್ನ ಮಗನಿಗೆ ಅಜ್ಜ. ಹದಿನಾಲ್ಕನೇ ವಯಸ್ಸಿಗೆ ಊರು ಬಿಟ್ಟು, ಬಸ್ಸಿನ ಮೇಲೆ ಬಸ್ಸು ಬದಲಿಸಿ ಮುಂಬಯಿಗೆ ಬಂದವರು. ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದದ್ದು 1998ರಲ್ಲಿ. ಅಜ್ಜ ಬಂದಾಗ ಅದಕ್ಕಿನ್ನೂ ಮೂವತ್ತೇಳು ವರ್ಷ ಬಾಕಿ ಇತ್ತು. ಫೋರ್ಟಿನ ಒಂದು ಹೋಟೆಲಿನಲ್ಲಿ ಮೇಜು ಒರೆಸುವ ಫಡ್ಕಾ ಕೈಗೆ ಬಂತು. ಹಗಲು ಫಡ್ಕಾ, ರಾತ್ರಿ ಪಾಟಿಚೀಲ. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ನಮ್ಮವರ ಸಂಘಗಳು ಹೋಟೆಲಿನ ಹುಡುಗರಿಗೆಂದೇ ರಾತ್ರಿಶಾಲೆ ನಡೆಸುತ್ತಿದ್ದ ಕಾಲ ಅದು. ಮೈಯೆಲ್ಲ ಸಾಂಬಾರಿನ ವಾಸನೆ ಹೊತ್ತ ಹುಡುಗರು ಬೆಂಚಿನ ಮೇಲೆ ತೂಕಡಿಸುತ್ತ ಮ್ಯಾಟ್ರಿಕ್ ದಾಟುತ್ತಿದ್ದರು. ಅಜ್ಜನೂ ದಾಟಿದರು, ಗುಮಾಸ್ತರಾದರು, ಫಡ್ಕೆ ರೋಡಿನ ಹತ್ತಿರ ಎರಡು ಕೋಣೆಯ ಮನೆ ಮಾಡಿದರು. "ಫಡ್ಕಾದಿಂದ ಫಡ್ಕೆ ರೋಡಿಗೆ ಬಂದವ ನಾನ್" ಎನ್ನುವುದು ಅವರ ಆತ್ಮಚರಿತ್ರೆ. ಒಂದೇ ವಾಕ್ಯ, ಮುನ್ನುಡಿಯೂ ಇಲ್ಲ.

ಅಜ್ಜನ ಹೆಂಡತಿ ತೀರಿಕೊಂಡು ಆರು ವರ್ಷ. ಮಗ ಖಾರ್ಘರ್‌ನಲ್ಲಿದ್ದಾನೆ. ಅಮೆರಿಕದಲ್ಲಿದ್ದಿದ್ದರೆ ದಿನಾ ವೀಡಿಯೊ ಕಾಲ್ ಮಾಡುತ್ತಿದ್ದನೋ ಏನೋ. ಖಾರ್ಘರ್ ಹತ್ತಿರವೇ ಆದದ್ದರಿಂದ 'ಹೇಗೂ ಹೋಗಬಹುದಲ್ಲ' ಎಂದುಕೊಂಡು ತಿಂಗಳಿಗೊಮ್ಮೆ ಬರುತ್ತಾನೆ. ನಡುವೆ ಶಿಲ್‌ಫಾಟಾದ ಟ್ರಾಫಿಕ್ ಬೇರೆ ಇದೆ, ಏಳು ಸಮುದ್ರಕ್ಕೆ ಸಮ.

ಇನ್ನು ನನ್ನ ಮಗನ ವಿಷಯ. ಅವನ ಜೂನಿಯರ್ ಕಾಲೇಜು ಠಾಣೆಯಲ್ಲಿ. ಅಕರಾವಿ, ಅಂದರೆ ಹನ್ನೊಂದನೇ ತರಗತಿ, ಸೇರಿದ ದಿನದಿಂದ ಅವನ ವ್ರತ ಒಂದೇ: ಫಾಸ್ಟ್ ಲೋಕಲ್. ಹತ್ತುವುದು ಅಂದರೆ ಬಾಗಿಲ ಕಂಬ ಹಿಡಿದು, ಅರ್ಧ ದೇಹವನ್ನು ಮಧ್ಯ ರೈಲ್ವೆಗೂ ಇನ್ನರ್ಧವನ್ನು ಗಾಳಿಗೂ ಒಪ್ಪಿಸಿ ನಿಲ್ಲುವುದು. ಒಳಗೆ ಜಾಗವಿದ್ದರೂ ಒಳಗೆ ಹೋಗುವುದಿಲ್ಲ. ಕೂದಲು ಹಾರಬೇಕಲ್ಲ! ನಾವು ಮಾಡಬೇಕಾದ್ದನ್ನೆಲ್ಲ ಮಾಡಿದೆವು. ನಾನು ಗದರಿದೆ, ಅವಳು ಅತ್ತಳು, ಇಬ್ಬರೂ ಸೇರಿ ವಾಟ್ಸಾಪಿನಲ್ಲಿ ಹೆದರಿಸುವ ವೀಡಿಯೊಗಳನ್ನು ಕಳಿಸಿದೆವು. ಪ್ರತಿಯೊಂದಕ್ಕೂ ಎರಡು ನೀಲಿ ಗೀಟು ಮೂಡಿತು. ಮನೆಗೆ ಬಂದು "ಹೂಂ" ಎಂದ.

2025ರ ಜೂನ್ 9, ಸೋಮವಾರ. ಮುಂಬ್ರಾದ ಹತ್ತಿರ ಹಳಿ ತಿರುಗುವ ಕಡೆ ಎರಡು ಲೋಕಲ್‌ಗಳು ಎದುರುಬದುರು ಸಾಗುವಾಗ ಬಾಗಿಲಲ್ಲಿ ನೇತಾಡುತ್ತಿದ್ದವರು ಒಬ್ಬರ ಮೇಲೊಬ್ಬರು ಕೆಳಗೆ ಬಿದ್ದರು. ಕೆಲವರು ಏಳಲೇ ಇಲ್ಲ. ಇನ್ನು ಮುಂದೆ ಬರುವ ಲೋಕಲ್‌ಗಳಿಗೆಲ್ಲ ತಾನಾಗಿ ಮುಚ್ಚುವ ಬಾಗಿಲು ಇಡುತ್ತೇವೆ ಎಂದು ರೈಲ್ವೆಯವರು ಹೇಳಿದರು. ಬರುವ ಲೋಕಲ್ ಬರಲಿ, ನನ್ನ ಮಗ ಹತ್ತುವುದು ನಾಳೆಯ ಲೋಕಲ್ ಅಲ್ಲವೇ? ಅವತ್ತು ರಾತ್ರಿ ನಮ್ಮ ಮನೆಯಲ್ಲಿ ಯಾರೂ ಗದರಲಿಲ್ಲ. ಗದರುವ ಧೈರ್ಯವೂ ಇರಲಿಲ್ಲ.

ರಜೆ ಮುಗಿದು ಕಾಲೇಜು ಮತ್ತೆ ಶುರುವಾಗುವ ಹಿಂದಿನ ದಿನ ಅಜ್ಜ ಮೆಟ್ಟಿಲ ಹತ್ತಿರ ಹುಡುಗನನ್ನು ತಡೆದು ನಿಲ್ಲಿಸಿದರಂತೆ. "ಹ್ವಾಯ್ ಮಾಣಿ, ನಂಗೊಂದ್ ಉಪಕಾರ ಮಾಡ್ತ್ಯಾ? ಡಾಕ್ಟ್ರು ದಿನಾ ನಡೀಕ್ ಅಂದಿರ್. ಠಾಣೆ ತಲಾವ್ ಪಾಳಿ ಸುತ್ತ ನಡುದಂದ್ರೆ ನಂಗೆ ಖುಷಿ. ಒಬ್ನೇ ರೈಲಂಗೆ ಹೋಪುಕೆ ಹೆದ್ರಿಕಿ ಆತ್ತ್. ಫಾಸ್ಟ್ ನಂಗ್ ಹತ್ತುಕಾತಿಲ್ಲೆ. ಸ್ಲೋನಂಗೆ ನನ್ನೊಟ್ಟಿಗ್ ಬತ್ತ್ಯಾ?"

ಈ ಮಾತಿನಲ್ಲಿರುವ ಹುಳುಕನ್ನು ಓದುಗರು ಗಮನಿಸಬೇಕು. ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ನಡೆದರೆ ನೆಹರೂ ಮೈದಾನ. ವಾಕಿಂಗ್ ಮಾಡುವವರು ಅಲ್ಲಿ ಒಬ್ಬರನ್ನೊಬ್ಬರು ತುಳಿದುಕೊಂಡು ಓಡಾಡುತ್ತಾರೆ. ಅದನ್ನು ಬಿಟ್ಟು, ಕೋಪರ್, ದಿವಾ, ಮುಂಬ್ರಾ, ಕಳವಾ ದಾಟಿ, ಬೆಳಗಿನ ಜನಜಂಗುಳಿಯಲ್ಲಿ ಬೆವರು ಸುರಿಸಿ, ಠಾಣೆಯ ಕೆರೆ ಸುತ್ತಲು ಹೋಗುವ ಮನುಷ್ಯ ಎಲ್ಲಿಯಾದರೂ ಉಂಟೇ? ಅದೂ ಜೂನ್ ತಿಂಗಳ ಮಳೆಯಲ್ಲಿ! ಆದರೂ ಹುಡುಗ ಒಪ್ಪಿಕೊಂಡ. ಅಪ್ಪ ಹೇಳಿದ್ದು ಅಪ್ಪಣೆ, ಅಜ್ಜ ಕೇಳಿದ್ದು ಉಪಕಾರ. ಹದಿನೇಳು ವರ್ಷದಲ್ಲಿ ಅವನನ್ನು ಉಪಕಾರ ಕೇಳಿದವರು ಬಹುಶಃ ಇವರೇ ಮೊದಲು. ನಾವು ಕೇಳಿದ್ದೆಲ್ಲ ಮಾರ್ಕು.

ಮರುದಿನದಿಂದ ನನ್ನ ಮಗನ ಒಂದು ಕೈಯಲ್ಲಿ ಅಜ್ಜನ ಚೀಲ, ಇನ್ನೊಂದರಲ್ಲಿ ಅಜ್ಜನ ಕೊಡೆ, ಬೆನ್ನಿಗೆ ತನ್ನ ಬ್ಯಾಗು. ಬಾಗಿಲಲ್ಲಿ ನೇತಾಡಲು ಮೂರನೆಯ ಕೈ ಇರಲಿಲ್ಲ.

ಸ್ಲೋ ಲೋಕಲ್ ಒಂದು ಪಾಠಶಾಲೆ. ಅದರ ಮೊದಲ ಪಾಠ ನಾಲ್ಕನೇ ಸೀಟು. ಪರವೂರಿನವರಿಗಾಗಿ ಹೇಳುತ್ತೇನೆ. ಲೋಕಲ್ಲಿನ ಬೆಂಚು ಮೂರು ಜನರದ್ದು. ಆದರೆ ಮೂವರು ಕೂತ ಬೆಂಚಿಗೆ ನಾಲ್ಕನೆಯವನು ಬಂದು "ಜರಾ ಸರ್ಕಾ" ಅಂದರೆ ಮೂವರೂ ಒಂದೊಂದು ಅಂಗುಲ ಒಳಗೆ ಸರಿಯಬೇಕು. ಹಾಗೆ ಸಿಕ್ಕಿದ ಮೂರು ಅಂಗುಲದಲ್ಲಿ ನಾಲ್ಕನೆಯವನು ಅರ್ಧ ಕೂರುತ್ತಾನೆ, ಇನ್ನರ್ಧ ಗಾಳಿಯಲ್ಲಿ. ಇದು ಯಾವ ಕಾನೂನಿನಲ್ಲೂ ಇಲ್ಲ, ರೈಲ್ವೆ ಇದಕ್ಕೆ ಟಿಕೆಟ್ ಕೊಡುವುದಿಲ್ಲ, ಆದರೂ ಮುಂಬಯಿ ನಡೆಯುತ್ತಿರುವುದು ಇದರ ಮೇಲೆಯೇ. ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಕಾಲು ಅಗಲಿಸಿ ಕೂರುತ್ತಿದ್ದ ನನ್ನ ಮಗನಿಗೆ ಅಜ್ಜ ಉಪದೇಶ ಮಾಡಲಿಲ್ಲ. ತಾವೇ ಒಂದು ಅಂಗುಲ ಸರಿದರಂತೆ. ಮರುದಿನವೂ ಸರಿದರು. ಮೂರನೇ ದಿನ ಕೋಪರ್ ಬಂದಾಗ ಹುಡುಗನೇ ಸರಿದ.

ಎರಡನೆಯ ಪಾಠ ಕನ್ನಡ ಅಕ್ಷರ. ಇಲ್ಲಿ ನಮ್ಮವರದ್ದೇ ಶಾಲೆಗಳಿವೆ, ನಮ್ಮ ಡೊಂಬಿವಲಿಯ ಕರ್ನಾಟಕ ಸಂಘವೂ ಮಂಜುನಾಥ ವಿದ್ಯಾಲಯ ನಡೆಸುತ್ತದೆ. ನಾನು ಮಾತ್ರ ಮಗನನ್ನು ಇಂಗ್ಲಿಷಿನ ದೊಡ್ಡ ಹೆಸರಿನ ಶಾಲೆಗೆ ಹಾಕಿ ಹೆಮ್ಮೆಪಟ್ಟವನು. ಅವನ ಕನ್ನಡ ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ, ಕಣ್ಣಿಗೆ ಸಂಬಂಧವಿಲ್ಲ. ಅಜ್ಜ ಒಂದು ದಿನ ಕನ್ನಡ ಪೇಪರ್ ಬಿಡಿಸಿ, ಜೇಬು ತಡಕಿ, "ಕನ್ನಡಕ ಮರ್ತ್ ಬಂದೆ ಕಾಣ್! ಈ ದಪ್ಪ ಅಕ್ಷರ ಎಂತ ಅಂತ ಹೇಳ್, ಕಾಂಬ" ಎಂದರು. ಹುಡುಗ ಗೂಗಲ್ ಹಿಡಿದು ಹೇಗೋ ಓದಿದ. ಮರುದಿನವೂ ಕನ್ನಡಕ ಮರೆತಿತ್ತು. ಅದರ ಮರುದಿನವೂ. ಗಣಪತಿ ಹಬ್ಬದ ಹೊತ್ತಿಗೆ ಹುಡುಗ ತಲೆಬರಹ ದಾಟಿ ಒಳಗಿನ ಸುದ್ದಿಗೆ ಇಳಿದಿದ್ದ. ದಸರೆಗೆ ಮರಣವಾರ್ತೆಯ ಪುಟಕ್ಕೆ ಬಂದ. ಮುಂಬಯಿಯ ಕನ್ನಡಿಗರು ಪೇಪರಿನಲ್ಲಿ ಮೊದಲು ನೋಡುವುದೇ ಆ ಪುಟವನ್ನು. ನಮ್ಮೂರಿನವರು ಯಾರು ಹೋದರು, ಯಾರ ಬೊಜ್ಜ ಎಲ್ಲಿ, ಎಲ್ಲವೂ ಅಲ್ಲಿರುತ್ತದೆ. ಒಂದು ಸಂಜೆ ಮನೆಗೆ ಬಂದು, "ಪಪ್ಪಾ, ನಿಮ್ಮ ಪರಿಚಯದ ಹೋಟೆಲಿನ ಧನಿಗಳು ತೀರಿಕೊಂಡರಂತೆ" ಎಂದ. ಆ ಸುದ್ದಿಗೆ ದುಃಖಪಡಬೇಕಾದ ನಾನು ಅವನ ಬಾಯಿಂದ ಬಂದ ಪೂರ್ತಿ ವಾಕ್ಯ ಕೇಳಿ ಬೆರಗಾಗಿ ನಿಂತೆ.

ಮೂರನೆಯದು ಚರಿತ್ರೆ. 1853ರ ಏಪ್ರಿಲ್ 16ರಂದು ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಹೊರಟು ಠಾಣೆಗೆ ಬಂತು. 34 ಕಿಲೋಮೀಟರ್, 14 ಡಬ್ಬಿ, ಸುಮಾರು 400 ಜನ. ಎಳೆದ ಮೂರು ಎಂಜಿನ್ನುಗಳ ಹೆಸರು ಸಾಹಿಬ್, ಸಿಂಧ್, ಸುಲ್ತಾನ್. ಹುಡುಗ ಇದನ್ನು ಪಾಠದಲ್ಲಿ ಓದಿ ಎರಡು ಮಾರ್ಕು ತೆಗೆದು ಮರೆತವನು. ಅಜ್ಜ ಕಳವಾದ ಹತ್ತಿರ, ಎದೆಯ ಮೇಲೆ ಯಾರದ್ದೋ ಮೊಣಕೈ ಹೊತ್ತುಕೊಂಡು ಹೇಳಿದರಂತೆ: "ಆ ನಾನೂರ್ ಜನವೂ ಎಲ್ಲೂ ಹೋಯ್ಲಿಲ್ಲೆ ಮಾಣಿ. ಇವತ್ತ್ ಎಲ್ಲ ಈ ಒಂದೇ ಡಬ್ಬಿಯಂಗಿತ್ತ್ ಕಾಣ್."

ಬರೀ ಅಜ್ಜನೇ ಕಲಿಸಿದರು ಅಂದುಕೊಳ್ಳಬೇಡಿ, ಕೊಡುಕೊಳ್ಳುವ ವ್ಯವಹಾರ ಸಮಸಮವಾಗಿಯೇ ಇತ್ತು. ಯುಪಿಐ ಹೇಗೆ, ಮೊಬೈಲಿನಲ್ಲಿ ಟಿಕೆಟ್ ತೆಗೆಯುವುದು ಹೇಗೆ, ಖಾರ್ಘರಿನ ಮೊಮ್ಮಗಳಿಗೆ ಯಾವ ಎಮೋಜಿ ಕಳಿಸಬಹುದು, ಯಾವುದನ್ನು ಅಪ್ಪಿತಪ್ಪಿಯೂ ಕಳಿಸಬಾರದು ಎಂಬುದನ್ನೆಲ್ಲ ಹುಡುಗ ಕಲಿಸಿದ. ಶನಿವಾರ ಇಬ್ಬರೂ ಮಾಮ್ಲೇದಾರ್ ಮಿಸಳ್ ತಿಂದು, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿ, ಎಪ್ಪತ್ತೆಂಟೂ ಹದಿನೇಳೂ ಒಂದೇ ಬಣ್ಣಕ್ಕೆ ತಿರುಗುತ್ತಿದ್ದವು.

ನಾನು ಸುಮ್ಮನಿರುವ ಜಾತಿಯವನಲ್ಲ, ಈ ವಿಷಯದಲ್ಲಿ ಸಂಶೋಧನೆಗೆ ಇಳಿದೆ. ಐರೋಲಿಯ ಆಫೀಸಿನಲ್ಲಿ ಕೆಲಸ ಕಡಿಮೆ ಇದ್ದಾಗ ಮಾಡುವುದೇ ಇದನ್ನು. ತಿಳಿದುಬಂದದ್ದೇನೆಂದರೆ ಮುದುಕರಿಗೂ ಹುಡುಗರಿಗೂ ಗಂಟುಹಾಕಲು ನಮ್ಮ ಮುಂಬಯಿಯಲ್ಲೇ ಕಂಪನಿ ಹುಟ್ಟಿದೆ. ಹೆಸರು ಗುಡ್‌ಫೆಲೋಸ್, ಶುರುವಾದದ್ದು 2022ರ ಆಗಸ್ಟಿನಲ್ಲಿ, ಕಟ್ಟಿದವರು ಶಂತನು ನಾಯ್ಡು, ಹಣ ಹಾಕಿದವರು ರತನ್ ಟಾಟಾ. ಆ ಇಬ್ಬರ ನಡುವೆಯೇ ಐವತ್ತಕ್ಕೂ ಹೆಚ್ಚು ವರ್ಷದ ಅಂತರ. ಬೀದಿನಾಯಿಗಳು ರಾತ್ರಿ ಗಾಡಿಯಡಿಗೆ ಬೀಳದಿರಲೆಂದು ನಾಯ್ಡು ಮಾಡಿದ ಹೊಳೆಯುವ ಕೊರಳಪಟ್ಟಿಯಿಂದ ಶುರುವಾದ ಸ್ನೇಹ ಅದು, 2024ರಲ್ಲಿ ಟಾಟಾ ತೀರಿಕೊಳ್ಳುವವರೆಗೂ ನಡೆಯಿತು. ನೆದರ್‌ಲ್ಯಾಂಡಿನ ಡೆವೆಂಟರ್ ಎಂಬ ಊರಿನ ವೃದ್ಧಾಶ್ರಮವೊಂದು ಕಾಲೇಜು ಹುಡುಗರಿಗೆ ಬಾಡಿಗೆಯಿಲ್ಲದೆ ಕೋಣೆ ಕೊಡುತ್ತದೆ. ತಿಂಗಳಿಗೆ 30 ಗಂಟೆ ಒಳ್ಳೆಯ ನೆರೆಯವನಾಗಿ ಇದ್ದರೆ ಸಾಕು. ಜಿಂಬಾಬ್ವೆಯ ಹರಾರೆಯಲ್ಲಂತೂ ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು 2006ರಿಂದ ಅಜ್ಜಿಯರಿಗೆ ತರಬೇತಿ ಕೊಟ್ಟು ಆಸ್ಪತ್ರೆಯಂಗಳದ ಬೆಂಚಿನ ಮೇಲೆ ಕೂರಿಸಿದ್ದಾರೆ. ಮನಸ್ಸು ಕುಗ್ಗಿದವರು ಹೋಗಿ ಪಕ್ಕ ಕೂರಬೇಕು, ಅಜ್ಜಿ ಕೇಳಿಸಿಕೊಳ್ಳುತ್ತಾಳೆ.

ಇದನ್ನೆಲ್ಲ ಹೆಂಡತಿಗೆ ಉತ್ಸಾಹದಿಂದ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಲೇ, "ಅಷ್ಟು ದೂರ ಎಂತಕ್ಕೆ? ಕಾರಂತರ 'ಬೆಟ್ಟದ ಜೀವ' ಓದಿಲ್ವಾ ನೀವು?" ಎಂದಳು. ನಾನು ಬಾಯಿ ಮುಚ್ಚಿದೆ. 1943ರಷ್ಟು ಹಿಂದೆಯೇ ಕಾರಂತರು ಕುಮಾರಪರ್ವತದ ಕಾಡಿನಲ್ಲಿ ಗೋಪಾಲಯ್ಯ, ಶಂಕರಮ್ಮನವರ ಮನೆಗೆ ಹೊರಗಿನವನೊಬ್ಬನನ್ನು ಕಳಿಸಿದ್ದರಲ್ಲ. ಹೆತ್ತ ಮಗ ಬಿಟ್ಟುಹೋದ ಮನೆಯಲ್ಲಿ ದಾರಿಹೋಕನಿಗೆ ಬಿಸಿನೀರು, ಊಟ, ಅಕ್ಕರೆ. ನಮ್ಮ ಅಜ್ಜನಿಗೆ ಬೆಟ್ಟವಿಲ್ಲ, ತೋಟವಿಲ್ಲ. ಡೊಂಬಿವಲಿಯ ಎರಡನೇ ಮಾಳಿಗೆ, ಮೇಲೊಂದು ಸ್ಲೋ ಲೋಕಲ್. ಅಷ್ಟೇ ವ್ಯತ್ಯಾಸ.

ದೀಪಾವಳಿ ಮುಗಿದ ಮೇಲೆ ಒಂದು ಭಾನುವಾರ ಅಜ್ಜನನ್ನು ಕೆಳಗಿನ ಬೆಂಚಿನಲ್ಲಿ ಹಿಡಿದೆ. "ಮಾಮ, ನಿಜ ಹೇಳಿ. ವಾಕಿಂಗಿಗೆ ನೆಹರೂ ಮೈದಾನ ಇರಲಿಲ್ವಾ?"

ಅಜ್ಜ ಆಚೆ ಈಚೆ ನೋಡಿ ಮೆಲ್ಲಗೆ ನಕ್ಕರು. "ಮಾರಾಯ್ರೆ, ಬಾಗ್ಲಂಗೆ ನೇತಾಡುವವನಿಗೆ ನೇತಾಡ್ಬೇಡ ಅಂದ್ರೆ ಇನ್ನೊಂದ್ ಕಾಲೂ ಹೊರಗ್ ಹಾಕ್ತ. ಕೈ ತುಂಬ ಕೆಲ್ಸ ಕೊಟ್ರೆ ಕಾಲ್ ತನ್ನಷ್ಟಿಗೆ ಒಳಗ್ ಬತ್ತ್. ಮಳೆ ಬಂದ್ ದಿನ ನಾನ್ ನಡುದೂ ಇಲ್ಲೆ, ಎಂತದೂ ಇಲ್ಲೆ. ಕೊಪಿನೇಶ್ವರ ದೇವಸ್ಥಾನದ ಒಳ್ಗ್ ಕೂತು, ಬಟ್ಟೆ ಒಣಗ್ಸ್ಕಂಡ್, ಖಾಲಿ ಲೋಕಲ್ ಹಿಡ್ದ್ ವಾಪಸ್ ಬಪ್ಪುದ್. ಮಾಣಿಗ್ ಹೇಳ್ಬೇಡಿ ಮತ್ತೆ. ನನ್ನ ಕರ್ಕೊಂಡ್ ಹೋಪವ ತಾನು ಅಂತ ಇದ್ದ ಅವ."

ಆಮೇಲೆ ಅವರೇ ಇನ್ನೊಂದು ಕಥೆ ಬಿಚ್ಚಿದರು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಹುಡುಗ ಹೋಗಿ ಬೆಲ್ ಒತ್ತಿದರೆ ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಪಿಸುಮಾತು: "ಹೋಗ್ ಮಾಣಿ, ನನ್ನನ್ನ ಅರೆಸ್ಟ್ ಮಾಡಿರ್."

"ಅರೆಸ್ಟ್ ಮಾಡಿದವರು ಎಲ್ಲಿದ್ದಾರೆ ಅಜ್ಜ?"

"ಮೊಬೈಲಂಗೆ."

ವೀಡಿಯೊ ಕಾಲಿನಲ್ಲಿ ಪೊಲೀಸ್ ದಿರಿಸು ಹಾಕಿಕೊಂಡ ಒಬ್ಬ, ನಿಮ್ಮ ಹೆಸರಿನಲ್ಲಿ ಕಳ್ಳ ಪಾರ್ಸೆಲ್ ಸಿಕ್ಕಿದೆ, ಕೋಣೆ ಬಿಟ್ಟು ಅಲ್ಲಾಡಿದರೆ ಜೈಲು, ಖಾತೆಯ ಹಣವನ್ನೆಲ್ಲ ತಪಾಸಣೆಗೆ ಈ ಖಾತೆಗೆ ಹಾಕಿ ಎಂದು ಎರಡು ತಾಸಿನಿಂದ ಹೆದರಿಸುತ್ತಿದ್ದ. ದೇಶದಲ್ಲಿ 'ಡಿಜಿಟಲ್ ಅರೆಸ್ಟ್' ಎಂಬ ಕಾನೂನೇ ಇಲ್ಲ ಎಂದು ಪ್ರಧಾನಿಯೇ ರೇಡಿಯೊದಲ್ಲಿ ಹೇಳಿದ್ದರು, ಅಜ್ಜ ಅದನ್ನು ಕೇಳಿಯೂ ಇದ್ದರು. ಕೇಳಿದ್ದು ನೆನಪಾಗಬೇಕಾದ ಹೊತ್ತಿಗೆ ನೆನಪಾಗಬೇಕಲ್ಲ! ಹುಡುಗ ಬಾಗಿಲು ತೆರೆಸಿ, ಫೋನ್ ಇಸಿದುಕೊಂಡು ಕಾಲ್ ಕತ್ತರಿಸಿದ. ಸೈಬರ್ ವಂಚನೆಯ ದೂರಿನ ನಂಬರು 1930ಕ್ಕೆ ಫೋನ್ ಮಾಡಿ ದೂರು ಬರೆಸಿದ. ಹಣ ಹೋಗಿರಲಿಲ್ಲ, ಹೋಗುವುದರಲ್ಲಿತ್ತು. ಅಜ್ಜನಿಗೆ ನೀರು ಕುಡಿಸಿ, ಕಾಲೇಜಿಗೆ ಚಕ್ಕರ್ ಹೊಡೆದು, ಮಧ್ಯಾಹ್ನದವರೆಗೂ ಪಕ್ಕದಲ್ಲೇ ಕೂತಿದ್ದನಂತೆ.

ಅವತ್ತಿನ ಗೈರುಹಾಜರಿಗೆ ಕಾಲೇಜಿನಿಂದ ನನಗೆ ಮೆಸೇಜ್ ಬಂದಿತ್ತು. ನಾನು ಕೂಗಾಡಿದ್ದೆ. "ಎಲ್ಲಿ ಸುತ್ತಾಡ್ತಿದ್ದೆ? ಸಿನಿಮಾನಾ?" ಎಂದಿದ್ದೆ. ಅವನು "ಹೂಂ" ಎಂದಿದ್ದ. ಒಂದು ಮಾತು ಬಾಯಿಬಿಟ್ಟಿದ್ದರೆ ಅವನು ಬಚಾವಾಗುತ್ತಿದ್ದ. ಆದರೆ ಸುದ್ದಿ ಖಾರ್ಘರಿಗೆ ಮುಟ್ಟುತ್ತಿತ್ತು. 'ಅಪ್ಪನಿಗೆ ವಯಸ್ಸಾಯ್ತು' ಎಂದು ಮೊಬೈಲೂ ಪಾಸ್‌ಬುಕ್ಕೂ ಮಗನ ಕೈಗೆ ಹೋಗುತ್ತಿದ್ದವು. ಫಡ್ಕಾ ಹಿಡಿದ ಕೈಯಿಂದ ಮನೆ ಕಟ್ಟಿದವರು ತಮ್ಮದೇ ಹಣಕ್ಕೆ ಇನ್ನೊಬ್ಬರ ಮುಖ ನೋಡಬೇಕಾಗುತ್ತಿತ್ತು. ಹುಡುಗ ಇಷ್ಟನ್ನೆಲ್ಲ ಲೆಕ್ಕ ಹಾಕಿದ್ದನೋ ಇಲ್ಲವೋ ಗೊತ್ತಿಲ್ಲ. ಅಜ್ಜ ಹೇಳಬೇಡ ಅಂದರು, ಅವನು ಹೇಳಲಿಲ್ಲ. ನನ್ನಿಂದ ಬೈಸಿಕೊಂಡ.

ನಾನು ಆ "ಹೂಂ" ಅನ್ನು ಇಷ್ಟು ವರ್ಷ ಉಡಾಫೆ ಎಂದೇ ಓದುತ್ತಿದ್ದೆ. ಅದರೊಳಗೆ ಇನ್ನೊಬ್ಬರ ಮಾನ ಬಚ್ಚಿಟ್ಟಿರಬಹುದು ಎಂದು ಹೊಳೆದಿರಲಿಲ್ಲ. ಮೀಸೆ ಬಂದಾಗ ಹುಡುಗ ದೊಡ್ಡವನಾದ ಎನ್ನುತ್ತಾರೆ. ನನ್ನ ಮಗನಿಗೆ ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ.

ಆ ಭಾನುವಾರ ರಾತ್ರಿ ಮಗನನ್ನು ಸುಮ್ಮನೆ ಕೆಣಕಿದೆ. "ಏನೋ, ಅಜ್ಜನ್ನ ಚೆನ್ನಾಗಿ ವಾಕಿಂಗ್ ಮಾಡಿಸ್ತೀಯಂತೆ?"

ಅವನು ಫೋನಿನಿಂದ ತಲೆ ಎತ್ತಿದ. "ಪಪ್ಪಾ, ಜೂನ್ ಮಳೆಯಲ್ಲಿ ಯಾರಾದ್ರೂ ತಲಾವ್ ಪಾಳಿಗೆ ವಾಕಿಂಗ್ ಹೋಗ್ತಾರಾ? ನನಗೆ ಎರಡನೇ ದಿನವೇ ಗೊತ್ತಾಯ್ತು. ಕನ್ನಡಕನೂ ದಿನಾ ಶರ್ಟಿನ ಜೇಬಲ್ಲೇ ಇರುತ್ತೆ, ಅರ್ಧ ಹೊರಗೆ ಕಾಣ್ತಾ." ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ, "ಅಜ್ಜಂಗೆ ಹೇಳ್ಬೇಡಿ ಹಾಂ, ಬೇಜಾರ್ ಮಾಡ್ಕೊಳ್ತಾರೆ" ಎಂದ.

ಹೀಗಿದೆ ನೋಡಿ ವ್ಯವಹಾರ. ಅವರು ಇವನನ್ನು ಕಾಯುತ್ತಿದ್ದೇನೆ ಅಂದುಕೊಂಡಿದ್ದಾರೆ, ಇವನು ಅವರನ್ನು. ಇಬ್ಬರೂ ಇನ್ನೊಬ್ಬರಿಗೆ ಹೇಳಬೇಡಿ ಎಂದು ನನ್ನ ಬಾಯಿ ಕಟ್ಟಿದ್ದಾರೆ. ಮಾತು ಹೊಟ್ಟೆಯಲ್ಲಿ ನಿಲ್ಲದ ನನಗೆ ಈ ವಯಸ್ಸಿನಲ್ಲಿ ಇದೊಂದು ಶಿಕ್ಷೆ.

ಹೊಟ್ಟೆಕಿಚ್ಚು ತಡೆಯದೆ ಕಳೆದ ವಾರ ನಾನೂ ನನ್ನ ಫಾಸ್ಟ್ ಬಿಟ್ಟು ಅವರ ಸ್ಲೋ ಹತ್ತಿದೆ. ಹೇಗೂ ಠಾಣೆಯಲ್ಲಿ ಇಳಿದು ಐರೋಲಿಗೆ ಗಾಡಿ ಬದಲಿಸಬೇಕಲ್ಲ. ಕಿಟಕಿಗೆ ಅಜ್ಜ, ನಡುವೆ ಯಾರೋ ಟಿಫಿನ್ ಹಿಡಿದ ಕಾಕಾ, ಮೂರನೆಯವನು ನನ್ನ ಮಗ, ತೊಡೆಯ ಮೇಲೆ ಅಜ್ಜನ ಚೀಲ, ಕೈಯಲ್ಲಿ ಕನ್ನಡ ಪೇಪರ್. ನನ್ನನ್ನು ಕಂಡು ಅಜ್ಜನ ಕೈ ಥಟ್ಟನೆ ಜೇಬಿನ ಕನ್ನಡಕವನ್ನು ಮುಚ್ಚಿತು. ಮಗ ಅದನ್ನು ನೋಡಲಿಲ್ಲ ಎಂಬಂತೆ ಪೇಪರನ್ನು ಇನ್ನಷ್ಟು ಎತ್ತರಕ್ಕೆ ಹಿಡಿದ.

ಕೋಪರ್ ದಾಟಿತು. ನಾನು ನಿಂತೇ ಇದ್ದೆ. ಕೇಳಲು ಸಂಕೋಚ, ಅಪ್ಪನಲ್ಲವೇ? ದಿವಾ ಬರುವ ಹೊತ್ತಿಗೆ ಮಗ ಪೇಪರಿನಿಂದ ಕಣ್ಣೆತ್ತದೆಯೇ, "ಅಜ್ಜ, ಜರಾ ಸರ್ಕಾ. ಪಪ್ಪಾ ಕೂತ್ಕೊಳ್ಳಲಿ" ಎಂದ. ಮೂವರೂ ಒಂದೊಂದು ಅಂಗುಲ ಸರಿದರು.

ನಾನು ಅರ್ಧ ಕೂತೆ. ಇನ್ನರ್ಧ ಠಾಣೆಯವರೆಗೂ ಗಾಳಿಯಲ್ಲೇ ಇತ್ತು.